ಹರಳಿಗೆ ಕುಂಕುಮ ಇಟ್ಟ ಮಾವ

ನಮ್ಮ ಸೋದರಮಾವನ ಕಿರುಬೆರಳಿಗೆ ಹದ್ದಿನ ಕೊಕ್ಕಿನಂಥ ಉಗುರಿತ್ತು. ಅದರಲ್ಲೇ ಕಿವಿ ಕೆರೆದುಕೊಳ್ಳುತ್ತಿದ್ದ, ಅದರಲ್ಲೇ ಹರಳನ್ನೂ ಎತ್ತುತ್ತಿದ್ದ. ಬೆರಳ ಬೆವರು ಸೋಕಿದರೂ ಹರಳಿನ ಕಂಪನ ಕೆಡುತ್ತದೆ ಎಂದು ನಮಗೆ ಪಾಠ ಹೇಳುತ್ತಿದ್ದವನೂ ಅವನೇ.

ಆಗ ಯುದ್ಧದ ಕಾಲ. ಕೋಲಾರದ ಹೊರಗಿನ ಷೆಡ್ಡೊಂದರಲ್ಲಿ ಸೈನ್ಯದ ವೈರ್‌ಲೆಸ್ಸಿಗೆ ಬೆಣಚುಕಲ್ಲಿನ ಹರಳು ತಯಾರಾಗುತ್ತಿತ್ತು. ಕಲ್ಲನ್ನು ತೆಳ್ಳಗೆ ಬಿಲ್ಲೆಯಾಗಿ ಸೀಳಿ, ಗಾಜಿನ ಮೇಲೆ ಸಾಣೆಪುಡಿ ಹಾಕಿ ಉಜ್ಜಬೇಕು. ತೆಳುವಾದಷ್ಟೂ ಕಂಪನ ಚುರುಕು. ಹೇಳಿದ ಕಂಪನಕ್ಕೆ ಬಂದೊಡನೆ ನಿಲ್ಲಿಸಿ, ಎರಡು ತಗಡುಗಳ ನಡುವೆ ಕೂರಿಸಿದರೆ ವೈರ್‌ಲೆಸ್ಸು ತನ್ನ ಸ್ಟೇಷನ್ನು ಬಿಟ್ಟು ಅಲುಗದು. ತುಸು ಹೆಚ್ಚು ಉಜ್ಜಿದಿರೋ, ಕಸ. ಸವೆದ ಕಲ್ಲನ್ನು ಬ್ರಹ್ಮನೂ ಬೆಳೆಸಲಾರ.

ಮಾವ ಅಲ್ಲಿ ಸೂಪರ್‌ವೈಸರು. ಹರಳಿನ ಕಂಪನ ಅಳೆಯುವ ಮೀಟರು ನೋಡುವ ಕೆಲಸ ನನಗೆ ಕೊಡಿಸಿದ್ದು ಅವನೇ, ಊಟವೂ ಅವನ ಮನೆಯಲ್ಲೇ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಕಕ್ಕಸಿಗೂ ಕೋಟು ಹಾಕಿಕೊಂಡೇ ಹೋಗುತ್ತಿದ್ದ.

ಆಯುಧಪೂಜೆಯಂದು ಮೆಷೀನು, ಮೀಟರು, ಸೈಕಲ್ಲಿಗೆಲ್ಲ ಕುಂಕುಮ ಇಟ್ಟೆವು. ಅಷ್ಟಕ್ಕೇ ಬಿಟ್ಟಿದ್ದರೆ ದೇವಿಯೇನೂ ಮುನಿಯುತ್ತಿರಲಿಲ್ಲ. ಈ ಮಹಾಶಯ, ಉಜ್ಜಿ ಮುಗಿಸಿ ತಟ್ಟೆಯಲ್ಲಿಟ್ಟಿದ್ದ ಹರಳುಗಳಿಗೂ ಎಣ್ಣೆಯಲ್ಲಿ ಕಲಸಿದ ಕುಂಕುಮ ಇಟ್ಟ. ಮರುದಿನ ಪಂಚೆಯ ಚುಂಗಿನಲ್ಲಿ ಒರೆಸಿ ನನಗೆ ಕೊಟ್ಟ. ಉಳಿದ ಜಿಡ್ಡಿನ ಭಾರಕ್ಕೆ ಎಲ್ಲದರ ಕಂಪನವೂ ಇಳಿದಿತ್ತು.

"ತೊಳೆದು ನೋಡೋಣ ಮಾವ" ಎಂದೆ.

"ಏನ್ಲಾ, ದೇವಿ ಕುಂಕುಮ ತೊಳೀಬೇಕಾ? ಕಲ್ಲು ಇನ್ನೂ ದಪ್ಪ ಉಳಿದೈತೆ, ಅಷ್ಟೇ. ಮಧ್ಯಾಹ್ನ ಸಾಹೇಬರು ಬರ್ತಾರೆ, ಬಾಯಿ ಮುಚ್ಕೊಂಡು ಕೂತ್ಕೋ."

ಉಜ್ಜುವ ಕೆಲಸಕ್ಕೆ ತಾಯಲೂರಿನ ಹೆಂಗಸೊಬ್ಬಳಿದ್ದಳು. ಗಂಡನಿಲ್ಲ, ಮಕ್ಕಳ ಹೊಟ್ಟೆ ಆ ಕೂಲಿಯಲ್ಲೇ ತುಂಬಬೇಕು. ನಡುವೆ ಮೀಟರಿಗೂ ಹಿಡಿಯಗೊಡದೆ, ತಟ್ಟೆಯಲ್ಲಿದ್ದಷ್ಟನ್ನೂ ಮಾವ ಅವಳಿಂದ ಉಜ್ಜಿಸಿದ. ಕುಂಕುಮವೂ ಹೋಯಿತು, ಕಲ್ಲೂ ಹೋಯಿತು. ಒಂದು ಹರಳೂ ಉಳಿಯಲಿಲ್ಲ.

ಬೆಂಗಳೂರಿನ ಸಾಹೇಬರು ಬಂದಾಗ ಮಾವ ನಾಚಿಕೆಯಿಲ್ಲದೆ ಅವಳತ್ತ ಕೈ ತೋರಿಸಿದ. "ಮೈಮರೆತು ಉಜ್ಜಿಬಿಟ್ಟಳು ಸಾರ್."

"ಆಯಪ್ಪೇ ಚೆಪ್ಪಿನಾಡು ಸಾಮಿ! ಅವರೇ ಉಜ್ಜು ಅಂದಿದ್ದು!" ಎಂದು ಅವಳು ಕೂಗಿದಳು.

"ನಿಜ ಸಾರ್, ಹರಳಿಗೆ ಕುಂಕುಮ ಇಟ್ಟಿದ್ದೂ ಇವರೇ" ಎಂದೆ.

ಮಾವ ನಕ್ಕ. "ನಮ್ಮಕ್ಕನ ಮಗ ಸಾರ್. ತಲೆ ಸ್ವಲ್ಪ ಸಡ್ಲ."

ಸಾಹೇಬರು ಕೋಟನ್ನು ನೋಡಿದರು, ಅವಳ ಹರಿದ ಸೀರೆಯನ್ನು ನೋಡಿದರು. ಸಂಜೆಯೊಳಗೆ ಅವಳ ಕೆಲಸ ಹೋಯಿತು. ನಾನು ಷೆಡ್ಡನ್ನೂ ಬಿಟ್ಟೆ, ಮಾವನ ಮನೆಯನ್ನೂ ಬಿಟ್ಟೆ. "ಉಂಡ ಮನೆಗೆ ಎರಡು ಬಗೆದೆ ಕಣೋ" ಎಂದು ಬೀದಿಯವರೆಗೂ ಬಂದು ಬೈದ. ಅಷ್ಟು ಹೇಸಿಗೆ ನನಗೆ ಮತ್ತಾರ ಮೇಲೂ ಹುಟ್ಟಿಲ್ಲ.

ಯುದ್ಧ ಮುಗಿದ ಮೇಲೆ ಅವನು ಸತ್ತ. ಮಕ್ಕಳಿರಲಿಲ್ಲ. "ಕೊಳ್ಳಿ ಇಡೋಕೆ ನಿನ್ನ ಬಿಟ್ರೆ ಯಾರಿದ್ದಾರಪ್ಪ" ಎಂದು ಅತ್ತೆ ಹೇಳಿಕಳಿಸಿದರು. ತಿಂದ ಅನ್ನದ ಋಣವಿತ್ತಲ್ಲ, ಹೋದೆ. ತಲೆ ಬೋಳಿಸಿಕೊಂಡು ಎಲ್ಲವನ್ನೂ ಮಾಡಿದೆ. ಕೆರೆಯ ದಂಡೆಯಲ್ಲಿ ಪಿಂಡ ಇಟ್ಟು ಕಾದೆವು. ಕಾಗೆ ಮುಟ್ಟಲಿಲ್ಲ.

"ಸತ್ತೋನ ಮನಸ್ಸಲ್ಲಿ ಏನೋ ಉಳಿದೈತೆ. ತಪ್ಪೆಲ್ಲಾ ಮನ್ನಿಸಿದ್ದೀನಿ ಅಂತ ಒಂದು ಮಾತು ಹೇಳಪ್ಪ" ಎಂದರು ನೆಂಟರು.

"ಅದನ್ನ ತಾಯಲೂರಿನ ಆಯಮ್ಮ ಬಂದು ಹೇಳಬೇಕು" ಎಂದು ನಾನು ಪಂಚೆ ಕೊಡವಿಕೊಂಡು ಎದ್ದೆ.