ಈರಪ್ಪ ಕಾಕಾನ ಬಲಗಾಲು

ಈರಪ್ಪ ಕಾಕಾ ಯಾರ ಹೊಲಕ್ಕೆ ಹೋದರೂ ಮೊದಲು ಬದುವಿನ ಮೇಲೆ ಚಪ್ಪಲಿ ಬಿಡುತ್ತಿದ್ದರು. ಹನಿ ನೀರಾವರಿಯ ಪೈಪಿನ ಗುಂಟ ಬರಿಗಾಲಲ್ಲಿ ನಡೆಯುತ್ತ, ಕಬ್ಬಿನ ಬುಡದ ತೇವ ತಪ್ಪಿದಲ್ಲಿ ಗಕ್ಕನೆ ನಿಂತು, "ಇಲ್ಲಿ ಗಂಟಲ ಕಟ್ಟೈತಿ" ಅನ್ನುತ್ತಿದ್ದರು. ಪೈಪ್ ಎತ್ತಿ ನೋಡಿದರೆ ಆ ತೂತಿನಿಂದ ನೀರು ಬರುತ್ತಿರಲಿಲ್ಲ. ರಬಕವಿಯಲ್ಲಿ ಕೈಮಗ್ಗ ತುಳಿದ ಕಾಲು ಅದು. "ತುಳದು ತುಳದು ಶ್ಯಾಣ್ಯಾ ಆಗೈತಿ" ಎಂದು ತಾವೇ ನಗುತ್ತಿದ್ದರು.

ಸಣ್ಣ ರೈತರಿಗೆ ಹನಿ ನೀರಾವರಿ ಕಲಿಸುವ ಸಂಸ್ಥೆಯೊಂದರಲ್ಲಿ ಅವರು ಫಿಟ್ಟರ್, ನಾನು ಕೃಷಿ ಪದವೀಧರ. ಬೀಳಗಿ ಕಡೆಯ ಶಾಂತವ್ವನ ಎರಡು ಎಕರೆಯಲ್ಲಿ ನೀರು ನಿಲ್ಲಿಸಿ ನಿಲ್ಲಿಸಿ ಕೆಳಗಿನ ಭಾಗ ಉಪ್ಪೆದ್ದು ಸವಳಾಗಿ ಬೆಳ್ಳಗಾಗಿತ್ತು. ಕಾಕಾ ಬೆನ್ನುಹತ್ತಿ ಪೈಪ್ ಹಾಕಿಸಿದ್ದರು. ಆದರೆ ಬೋರಿನ ನೀರಿನ ಉಪ್ಪು ಕೂತು ತೂತುಗಳು ಮುಚ್ಚಿಕೊಂಡವು.

"ಸುತ್ತಿ ಒಯ್ರಿ ಕಾಕಾ ನಿಮ್ಮ ಪೈಪ. ಹನಿ ಹನಿ ಬಿಡಾಕ ಇದೇನ ಕೂಸಿಗಿ ಹಾಕೂ ಔಷಧ ಏನ್ರಿ? ನೀರ ನಿಂತ್ರ ಕಣ್ಣಿಗಿ ತಂಪ" ಎಂದಳು ಶಾಂತವ್ವ.

"ಹಂಗಂತ ಕೂಸಿನ ಬಾಯಾಗ ಕೊಡಾ ಬಗ್ಗಸ್ತಿಯೇನಬೇ? ಇವತ್ತೊಂದ ದಿನ ತಾಳು. ಆಸಿಡ್ ಬಿಟ್ಟ ತೊಳೀತೀವಿ."

ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು, ಸಿಡಿಯುತ್ತದೆ. ಎಷ್ಟೋ ಊರುಗಳಲ್ಲಿ ಇದನ್ನು ನಾನೇ ಹೇಳಿಕೊಟ್ಟಿದ್ದೆ. ಅಂದು ಕರೆಂಟ್ ಹೋಗುವ ಹೊತ್ತಾಗುತ್ತಿತ್ತು. ಅವಸರದಲ್ಲಿ ಖಾಲಿ ಬಕೆಟ್ಟಿಗೆ ಆಸಿಡ್ ಸುರಿದು, ಅದರ ಮೇಲೆ ಬಗ್ಗಿ ನೀರಿನ ಕೊಡ ವಾಲಿಸಿದೆ.

"ಲೇ, ಬಿಡಲೇ!"

ಕಾಕಾ ನನ್ನನ್ನು ಆಚೆ ನೂಕಿದರು. ಚೊರ್ ಎಂಬ ಸದ್ದು. ನನ್ನ ಮುಖಕ್ಕೆ ಹಾರಬೇಕಿದ್ದದ್ದು ಅವರ ಬರಿಯ ಬಲಗಾಲಿನ ಮೇಲೆ ಬಿತ್ತು. ನಾನು ಮರದಂತೆ ನಿಂತಿದ್ದೆ. ಶಾಂತವ್ವ ಪಂಪಿನ ದಪ್ಪ ಪೈಪನ್ನೇ ಎಳೆದು ತಂದಳು. ಹಲ್ಲು ಕಚ್ಚಿ ಕೂತಿದ್ದ ಕಾಕಾ, "ಈಗ ಹನಿ ಬ್ಯಾಡಬೇ, ಹೊಳೀನ ಹರಿಸು" ಎಂದರು.

ಚರ್ಮವೇನೋ ಬರುತ್ತದೆ, ಸ್ಪರ್ಶದ ಮಾತು ಹೇಳಲಾಗದು ಅಂದರು ಡಾಕ್ಟರು. ಈಗಲೂ ಒಗ್ಗರಣೆ ಚೊರ್ ಎಂದರೆ ನನ್ನ ಕೈ ತಾನಾಗಿ ಮುಖ ಮುಚ್ಚಿಕೊಳ್ಳುತ್ತದೆ.

ಗಾಯ ಮಾಗಿದ ಮೇಲೆ, ಕೆಲಸ ಬಿಟ್ಟು ಮುಧೋಳದ ಮಗಳ ಮನೆಗೆ ಹೋಗಿ ನೆಲೆಸುವ ಮುಂಚೆ ಕಾಕಾ ಒಮ್ಮೆ ಶಾಂತವ್ವನ ಹೊಲಕ್ಕೆ ಬಂದರು. ಅವಳು ಪೈಪ್ ಸುತ್ತಿರಲಿಲ್ಲ. ಆಮೇಲೊಂದು ದಿನ ನಾವು ಸರಿಯಾಗಿ ತೊಳೆದುಕೊಟ್ಟಿದ್ದೆವು. ಕಬ್ಬು ಎದೆಯುದ್ದ ಬಂದಿತ್ತು. ಕಾಕಾ ಬದುವಿನ ಮೇಲೆ ಚಪ್ಪಲಿ ಬಿಟ್ಟರು. ನಾನು ಆ ಬಲಗಾಲನ್ನೇ ನೋಡುತ್ತ ಹಿಂದೆ ನಡೆದೆ. ಅರ್ಧ ಸಾಲು ಮುಗಿಯಿತು. ಬಲಗಾಲು ಊರಿದಲ್ಲೇ ನಿಂತಿತು.

"ತಮ್ಮಾ, ಇಲ್ಲಿ ಗಂಟಲ ಕಟ್ಟೈತಿ."

ಪೈಪ್ ಎತ್ತಿದೆ. ತೂತು ಒಣಗಿತ್ತು. ನಾನು ಸಾಲಿನಲ್ಲೇ ಕುಸಿದು ಕುಳಿತೆ.

"ಸಾಹೇಬ್ರ ಅಳಾಕತ್ತಾರ್ರಿ ಕಾಕಾ" ಎಂದು ಶಾಂತವ್ವ ನಕ್ಕಳು.

"ಅಳಲಿ ಬಿಡಬೇ" ಎಂದರು ಕಾಕಾ. "ಕಣ್ಣ ಉಳದಾವಲ್ಲ, ಅಳಲಿ."