ಬಂಡ್ರಿ ಗುಡ್ಡದಲ್ಲಿ ಬಂಡಿ ಹತ್ತಿದವಳು

ನಾನು ದೆವ್ವದ ಕಥೆ ಹೇಳುವವನಲ್ಲ. ಅಂಥ ಕಥೆ ಶುರುವಾದರೆ ಕಟ್ಟೆಯಿಂದ ಎದ್ದು ಹೋಗುವವನು. ಆದರೆ ಆ ರಾತ್ರಿ ಬಂಡಿಯ ಮುಂದೆ ಹಗ್ಗ ಹಿಡಿದು ಕೂತಿದ್ದವನು ನಾನೇ. ನನ್ನ ಕಿವಿ ಕೇಳಿದ್ದನ್ನು ಸುಳ್ಳು ಅಂದುಕೊಳ್ಳಲು ಇಷ್ಟು ವರ್ಷ ಒದ್ದಾಡಿ ಸೋತಿದ್ದೇನೆ...

ಆಗ ನಮ್ಮ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಯುದ್ಧದ ವರ್ಷಗಳು, ಸೀಮೆಎಣ್ಣೆ ಸಿಗುವುದೇ ಕಷ್ಟ. ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಅಪ್ಪ ತೀರಿಕೊಂಡ ಮೇಲೆ ಕಂಪ್ಲಿಯ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅಕ್ಕ ನಾಗಕ್ಕನನ್ನು ಹೊಸಪೇಟೆಗೆ ಕೊಟ್ಟಿತ್ತು. ತಂಗಿ ಪಂಪವ್ವನನ್ನು ಸಂಡೂರಿನ ಆಚೆ, ಗುಡ್ಡ ದಾಟಿ ಬಂಡ್ರಿಗೆ. ಮನೆಯಲ್ಲಿ ನಾವು ಅವಳನ್ನು ಪಂಪಿ ಎಂದೇ ಕರೆಯುತ್ತಿದ್ದುದು.

ಪಂಪಿಗೆ ಚೊಚ್ಚಲ ಬಸಿರು, ಏಳು ತುಂಬಿತ್ತು. ಹೋಗಿ ಸೀಮಂತದ ಕುಬಸ ಮಾಡಿ, ಹೆರಿಗೆಗೆ ತವರಿಗೆ ಕರೆತರಬೇಕು. ಅವ್ವ ತಿಂಗಳಿಂದ ತಯಾರಿ ನಡೆಸಿದ್ದಳು. ಬಂಡಿಗೆ ಹೊಸ ಚಾಪೆಯ ಕಮಾನು ಕಟ್ಟಿಸಿದಳು. ಮಗಳ ಮೈಗೆ ಕುಲುಕು ತಾಗಬಾರದೆಂದು ಒಳಗೆ ಭತ್ತದ ಹುಲ್ಲು, ಅದರ ಮೇಲೆ ಮೂರು ಕೌದಿ. ಗಡಿಗೆ, ಹಂಚು, ಜೋಳದ ಹಿಟ್ಟು, ಹರಳೆಣ್ಣೆಯ ಕುಡಿಕೆ, ಮರದ ಹಣಿಗೆ... ಅರ್ಧ ಮನೆಯೇ ಬಂಡಿಯಲ್ಲಿತ್ತು. ಹಾದಿಯಲ್ಲಿ ಎಲ್ಲಿ ಎತ್ತು ಬಿಟ್ಟರೆ ಅಲ್ಲೇ ನಮ್ಮ ಅಡುಗೆ, ಅಲ್ಲೇ ನಿದ್ದೆ.

ಹೊಸಪೇಟೆಯಲ್ಲಿ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಇದ್ದು ಹೊರಡುವುದು ಎಂದು ಮಾತಾಗಿತ್ತು. ಆದರೆ ಊರಿಗೆ ನಾಟಕದ ಕಂಪನಿ ಬಂದಿತ್ತು. ಭಾವ ಕರೆದರು, ನಾನು ಹೋದೆ. ಮರುದಿನ ಇನ್ನೊಂದು ಆಟ. ಅದನ್ನೂ ಬಿಡಲು ಮನಸ್ಸಾಗಲಿಲ್ಲ. ಅವ್ವ ಬೆಳಿಗ್ಗೆ ಗಂಟು ಕಟ್ಟಿಕೊಂಡು ಬಂಡಿಯ ಹತ್ತಿರ ನಿಂತಾಗ ಹೇಳಿದೆ:

"ಎಡಗಡಿ ಎತ್ತಿನ ಲಾಳ ಕಿತ್ತೈತಿ ಅವ್ವ. ಕಟ್ಟಿಸಿಕೊಂಡು ನಾಡಿದ್ದು ಹೋಗೋಣು."

ಲಾಳ ಕಿತ್ತಿರಲಿಲ್ಲ.

ಅವ್ವ ಎತ್ತಿನ ಕಾಲು ಎತ್ತಿ ನೋಡಲಿಲ್ಲ. ಗಂಟು ಬಿಚ್ಚಿ ಒಳಗೆ ಹೋದಳು. ಹೀಗೆ ಎರಡು ದಿನ ಹೋಯಿತು.

ಮೂರನೆಯ ದಿನ ಹೊರಟು, ಗುಡ್ಡದ ಸಾಲಿನ ಮಧ್ಯೆ ಹಾದು, ಅದರ ಮರುದಿನ ಸಂಜೆಯ ಹೊತ್ತಿಗೆ ಸಂಡೂರು ದಾಟಿದೆವು. ಊರಾಚೆ ಒಂದು ಹುಣಸೆ ಮರದ ಕೆಳಗೆ ಎತ್ತು ಬಿಟ್ಟೆ. ಬೆಳಗಾಗುತ್ತಲೇ ಎದ್ದರೆ ಮಧ್ಯಾಹ್ನದ ಊಟಕ್ಕೆ ಬಂಡ್ರಿ. ಅವ್ವ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಿದ್ದಳು. ಹೊತ್ತು ಮುಳುಗುತ್ತಿತ್ತು. ಆ ಕೆಂಪು ಮಣ್ಣಿನ ಸೀಮೆಯಲ್ಲಿ ಸಂಜೆಯ ಧೂಳೂ ಕೆಂಪು.

ರೊಟ್ಟಿ ಬಡಿಯುವ ಸದ್ದು ಥಟ್ಟನೆ ನಿಂತಿತು.

ನೋಡಿದೆ. ಅವ್ವನ ಕೈ ಹಿಟ್ಟಿನ ಮೇಲೆ ಹಾಗೇ ಇತ್ತು. ಮುಖ ಗುಡ್ಡದ ಕಡೆಗೆ.

"ವಿರುಪಣ್ಣ... ಬಂಡಿ ಕಟ್ಟು."

"ಯಾಕವ್ವ?"

"ಪಂಪಿ ಕರದ್ಲು."

ನಾನು ನಕ್ಕೆ. ಬಂಡ್ರಿ ಇನ್ನೂ ಹರದಾರಿಗಟ್ಟಲೆ ದೂರ. "ರಾತ್ರಿ ಗುಡ್ಡದಾಗ ಕರಡಿ ಇರ್ತಾವ. ಕಂದೀಲಿಗೆ ಎಣ್ಣಿ ಸಾಲಂಗಿಲ್ಲ. ಬೆಳಿಗ್ಗೆ ಹೋಗೋಣು, ಸುಮ್ನಿರು."

ಅವ್ವ ಹಿಟ್ಟಿನ ಕೈಯಲ್ಲೇ ಎದ್ದು, ಹಾದಿ ಹಿಡಿದು ನಡೆಯಲು ಶುರುಮಾಡಿದಳು. ಅರವತ್ತರ ಹತ್ತಿರದ ಹೆಂಗಸು, ಬರಿಗಾಲು... ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ನಾನು ಬೈದುಕೊಳ್ಳುತ್ತ ಎತ್ತು ಕಟ್ಟಿದೆ. ಎರಡು ಕೂಗಿನಷ್ಟು ದೂರ ಹೋದ ಮೇಲೆ ಅವಳನ್ನು ಹತ್ತಿಸಿಕೊಂಡೆ.

ಕತ್ತಲಾಯಿತು. ಹಾದಿ ಏರತೊಡಗಿತು. ಬಂಡಿಯ ಕೆಳಗೆ ಕಟ್ಟಿದ್ದ ಕಂದೀಲು ಒಂದು ತಾಸು ಉರಿದು, ಮಿಣುಕಿ, ಆರಿತು. ಗಾಲಿಗೆ ಕಲ್ಲು ಸಿಕ್ಕಿದ ಸದ್ದು, ಎತ್ತಿನ ಕೊರಳ ಗೆಜ್ಜೆ. ಎಲ್ಲೋ ಕೆಳಗೆ ಒಂದು ನರಿ ಕೂಗಿ ಸುಮ್ಮನಾಯಿತು. ಆಮೇಲೆ ಜೀರುಂಡೆಯ ಸದ್ದೂ ಇಲ್ಲ.

ಏರಿನ ತುದಿಗೆ ಇನ್ನು ಸ್ವಲ್ಪ ಇದೆ ಎನ್ನುವಾಗ ಎತ್ತುಗಳು ನಿಂತವು.

ಬಾರಿಕೋಲು ಬೀಸಿದೆ. ಕದಲಲಿಲ್ಲ. ಮೈಯೆಲ್ಲ ನಡುಗುತ್ತಿತ್ತು ಅವಕ್ಕೆ. ಕರಡಿಯೇ ಇರಬೇಕೆಂದು ಹಾದಿಯನ್ನು ದಿಟ್ಟಿಸಿದೆ. ಏನೂ ಇರಲಿಲ್ಲ.

ಆಗ ಬಂಡಿ ಹಿಂದಕ್ಕೆ ವಾಲಿತು...

ಬಂಡಿ ಹೊಡೆದವರಿಗೆ ಇದು ಗೊತ್ತು. ಹಿಂದಿನಿಂದ ಯಾರಾದರೂ ಹತ್ತಿದರೆ ಮುಂದಿನ ನೊಗ ಎತ್ತಿನ ಹೆಗಲಿಂದ ತುಸು ಮೇಲೇಳುತ್ತದೆ. ಹಾಗೆ ಎದ್ದಿತು, ಹಾಗೇ ಕೂತಿತು. ಹೆಚ್ಚು ಭಾರವಿಲ್ಲದ ಒಬ್ಬರು ಹತ್ತಿದಂತೆ. ಹುಲ್ಲು ಸರಸರ ಎಂದಿತು.

"ಅವ್ವಾ?" ಎಂದೆ.

"ಹಿಂದಕ್ಕ ನೋಡಬ್ಯಾಡ." ಅವ್ವನ ದನಿ ಬಹಳ ತಣ್ಣಗಿತ್ತು. "ಹೊಡಿ ಬಂಡಿ."

ಎತ್ತುಗಳು ತಾವಾಗಿಯೇ ಹೊರಟವು.

ಮೊದಲು ಬಂದದ್ದು ವಾಸನೆ. ಬಾಣಂತಿಯ ಕೋಣೆಯ ವಾಸನೆ: ಬೆಳ್ಳುಳ್ಳಿ ಸಿಪ್ಪೆ, ಓಮ, ಲೋಬಾನದ ಹೊಗೆ. ಆ ನಟ್ಟಡವಿಯಲ್ಲಿ! ಅದರ ಅಡಿಯಲ್ಲಿ ಹಸಿ ರಕ್ತದ ವಾಸನೆ. ಆಮೇಲೆ ಹರಳೆಣ್ಣೆಯದು. ಕುಡಿಕೆಯ ಮುಚ್ಚಳ ತೆಗೆದ ಸದ್ದು ಕೇಳಿತು. ಹಣಿಗೆ ಕೂದಲಲ್ಲಿ ಇಳಿಯುವ ಸದ್ದು... ಸರ್... ಸರ್...

"ಎಷ್ಟು ಸಿಕ್ಕಾಗೈತಿ ನೋಡು ತಲಿ," ಅವ್ವ ಪಿಸುಗುಟ್ಟುತ್ತಿದ್ದಳು. "ಇತ್ಲಾಗ ತಿರುಗು. ಹಾಂ, ಹಂಗ ಕುಂದ್ರು. ನೋವಾತನು?"

ಉತ್ತರವೊಂದು ಬಂತು. ಬಾವಿಯ ತಳದಿಂದ ಬಂದಂತೆ ಸಣ್ಣದಾಗಿ. ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಪಂಪಿಯದು.

"ಹೆಣ್ಣಾ? ಆಗಲಿ ಬಿಡವ್ವ, ಚೊಚ್ಚಲ ಹೆಣ್ಣಾದ್ರ ಮನಿಗೆ ಚೊಲೋದು... ನಾ ನೋಡ್ಕೊಂತೀನಿ. ನೀ ಅದರ ಚಿಂತಿ ಮಾಡಬ್ಯಾಡ."

ಮತ್ತೆ ಹಣಿಗೆಯ ಸದ್ದು. ಮತ್ತೆ ಆ ದನಿ. ಈ ಸಲ ಒಂದೊಂದು ಅಕ್ಷರವೂ ಕೇಳಿತು:

"ಅಣ್ಣ ಯಾಕವ್ವ ತಡ ಮಾಡಿದ?"

ಹಗ್ಗ ನನ್ನ ಕೈಯಲ್ಲಿ ಜಾರಿತು.

ಹಣಿಗೆಯ ಸದ್ದು ನಿಂತಿತು, ಅವ್ವ ಜಡೆ ಹೆಣೆಯುತ್ತಿದ್ದಳೋ ಏನೋ. ಆಮೇಲೆ ಅಂದಳು: "ಎತ್ತಿನ ಲಾಳ ಕಿತ್ತಿತ್ತು, ನನ ಕಂದ. ಅವನ ತಪ್ಪಲ್ಲ."

ಬಟ್ಟೆ ಪರ್ರನೆ ಹರಿದ ಸದ್ದು.

ಎಷ್ಟು ಹೊತ್ತು ಹಾಗೆ ಹೊಡೆದೆನೋ ಗೊತ್ತಿಲ್ಲ. ಎತ್ತಿನ ಕೋಡುಗಳ ನಡುವೆ ಕಣ್ಣಿಟ್ಟಿದ್ದೆ. ಇಳಿಜಾರು ಮುಗಿದು, ಬಂಡ್ರಿಯ ಹೊಲಗಳು ಶುರುವಾಗುವಲ್ಲಿ ನೊಗ ಮತ್ತೊಮ್ಮೆ ತೂಗಾಡಿತು. ಬಂಡಿ ಹಗುರಾಯಿತು. ವಾಸನೆ ಗಾಳಿಗೆ ಹೋಯಿತು. ಕೋಳಿ ಕೂಗಿತು.

ಮನೆಯ ಮುಂದೆ ಜನ ಕೂತಿದ್ದರು. ಪಂಪಿಯ ಅತ್ತೆ ನಮ್ಮನ್ನು ನೋಡಿ ಎದೆ ಬಡಿದುಕೊಂಡಳು. "ಯಾರು ಸುದ್ದಿ ಮುಟ್ಟಿಸಿದ್ರು ನಿಮಗ? ಆಳು ಈಗ ಹೊಂಟಾನ..."

ಅವ್ವ ಇಳಿದು ಕೇಳಿದ್ದು ಒಂದೇ: "ಕೂಸು ಎಲ್ಲೈತಿ?"

ದಿನ ತುಂಬುವ ಮೊದಲೇ, ಹಿಂದಿನ ದಿನ ನಸುಕಿಗೆ ನೋವು ಶುರುವಾಗಿತ್ತು. ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ರಕ್ತ ನಿಲ್ಲಲಿಲ್ಲ. "ಅವ್ವ ಬಂದ್ಲನು, ಅವ್ವ ಬಂದ್ಲನು ಅಂತ ಬಾಗಲಾ ನೋಡಿ ನೋಡಿ ಹೋದ್ಲು," ಎಂದಳು ಅತ್ತೆ. ಹೊಸಪೇಟೆಯಲ್ಲಿ ನಾನು ಕಳೆದ ಎರಡು ದಿನ...

ಪಂಪಿಯನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಅತ್ತೆ ಅವ್ವನ ಕಿವಿಯಲ್ಲಿ, ನನಗೂ ಕೇಳುವಂತೆ, ಹೇಳಿದಳು: "ಬ್ಯಾನಿ ಬಂದ ಕೂಡ್ಲೆ ಸೂಲಗಿತ್ತಿ ತಲಿ ಬಿಚ್ಚಿಸಿದ್ಲು. ಹೋದಾಗ ಕೂದಲು ಹರವಿಕೊಂಡ ಇತ್ತು. ರಾತ್ರಿ ಎಲ್ಲಾ ಇಲ್ಲೇ ಕುಂತಿದ್ವಿ, ಯಾರೂ ಮುಟ್ಟಿಲ್ಲ. ಒಂದೀಟು ಕಣ್ಣು ಹತ್ತಿರಬೇಕು ಅಷ್ಟ. ಎದ್ದು ನೋಡಿದ್ರ ಹಿಂಗೈತಿ..."

ತಂಗಿಯ ಕೂದಲು ಎಣ್ಣೆ ಹಚ್ಚಿ, ಬಾಚಿ, ಬಿಗಿಯಾಗಿ ಜಡೆ ಹಾಕಿತ್ತು. ತುದಿಗೆ ಹಸಿರು ಬಟ್ಟೆಯ ಸಣ್ಣ ಚೂರು ಕಟ್ಟಿತ್ತು.

ಅವ್ವ ಕೂಸನ್ನು ಮಡಿಲಿಗೆ ಹಾಕಿಕೊಂಡು ಕೂತಳು. ಅವಳ ಹಸಿರು ಸೀರೆಯ ಸೆರಗಿನ ಅಂಚು ಒಂದು ಗೇಣು ಹರಿದಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

ಪಂಪಿಗೆಂದು ಹಾಸಿದ್ದ ಕೌದಿಗಳ ಮೇಲೆ ಕೂಸನ್ನು ಕಂಪ್ಲಿಗೆ ತಂದೆವು. ಮೇಕೆ ಹಾಲು ಕುಡಿಸಿ ಅವ್ವ ಅದನ್ನು ಬದುಕಿಸಿಕೊಂಡಳು. ಆ ರಾತ್ರಿಯ ಮಾತು ಅವಳಾಗಿ ಎಂದೂ ಎತ್ತಲಿಲ್ಲ. ನನ್ನ ಲಾಳದ ಮಾತನ್ನೂ. ನನಗೂ ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ.

ಮೊಮ್ಮಗಳು ಬೆಳೆದು ಮದುವೆಯಾಗಿ ಹೋದ ಮೇಲೆ, ಅವ್ವ ಹಾಸಿಗೆ ಹಿಡಿದಿದ್ದಾಗ, ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ. "ಅವತ್ತು ರಾತ್ರಿ ಹಿಂದಕ್ಕ ನೋಡಬ್ಯಾಡ ಅಂದಿ. ಯಾಕವ್ವ?"

ಅವ್ವ ಜಂತಿಯ ಕಡೆ ಕಣ್ಣು ನೆಟ್ಟಳು.

"ಆಕಿ ನಿನ್ನ ಬಾಜೂಕ ಕುಂದರ್ತೀನಿ ಅಂದ್ಲಪಾ. ಸಣ್ಣಾಕಿದ್ದಾಗ ಬಂಡಿ ಮುಂದ ಕುಂದರ್ತಿದ್ಲಲ್ಲ, ಹಂಗ. ನಾನ ಬ್ಯಾಡ ಅಂದೆ. ಅಣ್ಣ ಹೆದರ್ತಾನ, ಇಲ್ಲೇ ಇರು ಅಂದೆ."

"ಅದಕ್ಕ ಏನಂದ್ಲು?"

"ಏನಂತಾಳ... ಸುಮ್ನ ಕುಂತ್ಲು."

ಅದು ಏನಾಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಗುಡ್ಡದ ಹಾದಿಯಲ್ಲಿ ಕತ್ತಲಾದರೆ ಈಗಲೂ ನನ್ನ ಬೆನ್ನು ತಣ್ಣಗಾಗುತ್ತದೆ. ಆದರೆ ನಿದ್ದೆ ಕೆಡಿಸುವುದು ಬೇರೆ. ಎತ್ತಿಕೊಂಡು ಬೆಳೆಸಿದ ತಂಗಿ ನನ್ನ ಬೆನ್ನಿಂದ ಒಂದು ಮೊಳ ದೂರದಲ್ಲಿ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಳು... ನಾನು ಎತ್ತಿನ ಕೋಡು ನೋಡುತ್ತ ಬಂಡಿ ಹೊಡೆದೆ.