ಇಕ್ಬಾಲ್ ಕಟ್ಟಿದ ಮರೆ

ಹರಿಣಿ, ನಾವು ಕೂತು ಹಕ್ಕಿ ನೋಡಿದ ಆ ಮರೆ ಕಟ್ಟಿದ್ದು ನಾನಲ್ಲ. ಇಕ್ಬಾಲ್. ಮದುವೆಯಾಗಿ ಎಂಟು ವರ್ಷ ನಿನ್ನ ಹೊಗಳಿಕೆಯನ್ನು ಬೆಲ್ಲದ ಹಾಗೆ ಚಪ್ಪರಿಸಿದವನಿಗೆ ಇಷ್ಟು ಬರೆಯುವುದಕ್ಕೇ ಮೂರು ಹಾಳೆ ಬೇಕಾಯಿತು — ಹೆಂಡತಿಗೆ ಹೆದರುವವನಲ್ಲ ಎಂದು ಊರಿಡೀ ಹೇಳಿಕೊಂಡು ತಿರುಗಿದವನಿಗೆ!

ಊರಿನಲ್ಲಿ ಹಿರಿಯರು ಜಾತಕ ಕೂಡಿಸಿ, ಇಬ್ಬರೂ ಗಲ್ಫಿನ ಅಲ್ ಐನ್‌ನಲ್ಲೇ ಇದ್ದೀರಲ್ಲ, ನೀವೇ ಭೇಟಿಯಾಗಿ ನೋಡಿಕೊಳ್ಳಿ ಎಂದಿದ್ದರು. ನೀನು ಕ್ಲಿನಿಕ್ಕಿನ ನರ್ಸು, ನಾನು ಗೋದಾಮಿನ ಸ್ಟೋರ್‌ಕೀಪರ್. ಮೊದಲ ಭೇಟಿಗೆ ನಿನಗೆ ಬೇಕಾದದ್ದು ಹೋಟೆಲೂ ಅಲ್ಲ, ಮಾಲೂ ಅಲ್ಲ — ಊರಾಚೆಯ ಕೆರೆಗೆ ಬರುವ ಫ್ಲೆಮಿಂಗೊಗಳನ್ನು ಹತ್ತಿರದಿಂದ ನೋಡಬೇಕು, ಮನುಷ್ಯರ ಸುಳಿವು ಸಿಕ್ಕರೆ ಹಾರಿಹೋಗುತ್ತವೆ ಎಂದೆ ನೀನು. ಅದಕ್ಕೇನು, ಮರೆ ಕಟ್ಟಿದರಾಯಿತು, ಎಷ್ಟು ಮದುವೆ ಚಪ್ಪರಕ್ಕೆ ಮಡಲು ಹೆಣೆದವನು ನಾನು ಎಂದು ಬಡಾಯಿ ಕೊಚ್ಚಿದೆ. ಹೆಣೆದದ್ದು ನಿಜ. ಆದರೆ ಅದು ತೆಂಗಿನ ಗರಿಯ ಮಡಲು.

ಖರ್ಜೂರದ ಕೊಯ್ಲು ಮುಗಿಯುತ್ತ ಬಂದಿತ್ತು. ಶುಕ್ರವಾರ ಬೆಳಿಗ್ಗೆ ರೂಮ್‌ಮೇಟ್ ಇಕ್ಬಾಲನ ಜೊತೆ ಹೋಗಿ, ತೋಟದವರು ಕಡಿದು ಬಿಸಾಡಿದ ಗರಿಗಳನ್ನು ಕೆರೆಯ ದಂಡೆಗೆ ಹೊತ್ತು ತಂದೆ. ತೆಂಗಿನದರಂತೆ ಒಂದರಡಿ ಒಂದು ಮಡಚಲು ಹೋದರೆ — ಅದು ಬಾಗುತ್ತದೆಯೇ? ಪಟಪಟನೆ ಸೀಳಿತು, ಬುಡದ ಮುಳ್ಳು ಚುಚ್ಚಿತು. ನೀನು ಬರಲು ಇನ್ನೊಂದೇ ಗಂಟೆ. ನನಗೆ ಅಳುವೇ ಬಂತು. ಇಕ್ಬಾಲ್ ನಕ್ಕು ನಕ್ಕು ಸುಸ್ತಾಗಿ, "ಹೆಣೆಯುದೆಲ್ಲ ಖಲಾಸ್ ಮಾರಾಯ, ನೀನು ಅತ್ಲಾಗಿ ಕೂತ್ಕೊ" ಎಂದ. ಗರಿಗಳನ್ನು ಸಾಲಾಗಿ ನಿಲ್ಲಿಸಿ ಹಗ್ಗದಿಂದ ಬಿಗಿದ, ಮೇಲೆ ಜೊಂಡು ಹೊದಿಸಿದ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಅಲ್ಲೊಂದು ಪೊದೆ, ಅಷ್ಟೇ. ನಿನ್ನ ಟ್ಯಾಕ್ಸಿ ಕಂಡದ್ದೇ ಹಿಂದಿನಿಂದ ಜಾರಿಕೊಂಡ.

ಆಮೇಲೆ ಹಕ್ಕಿಗಳು ಕೈಯಳತೆಗೆ ಬಂದದ್ದು, ನೀನು ಉಸಿರು ಬಿಗಿಹಿಡಿದು ನನ್ನ ತೋಳು ಚಿವುಟಿದ್ದು — ಅಯ್ಯೋ, ಎಂಥ ಸಂತೋಷ ಅದು! ಈಗ ನೆನೆದರೂ ಒಬ್ಬನೇ ನಗುತ್ತೇನೆ. "ಇದು ನೀವೇ ಕಟ್ಟಿದ್ದಾ?" ಎಂದು ನೀನು ಪಿಸುಗುಟ್ಟಿದೆ.

"ಮತ್ತೆ ಯಾರು?" ಎಂದೆ ನಾನು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮರುದಿನ ಇಕ್ಬಾಲನ ಅಂಗೈ ಬಾತುಕೊಂಡು, ಅವನನ್ನು ನಿನ್ನ ಕ್ಲಿನಿಕ್ಕಿಗೇ ಕರೆತರಬೇಕಾಯಿತು. ಮುಳ್ಳು ಕೀಳುತ್ತ ಹೇಗಾಯಿತೆಂದು ನೀನು ಕೇಳಿದಾಗ ಅವನು ನನ್ನ ಮುಖ ನೋಡಿದ. ನಾನು — ಯಾರದೋ ತೋಟಕ್ಕೆ ಖರ್ಜೂರ ಕದಿಯಲು ನುಗ್ಗಿದ್ದ ಎಂದುಬಿಟ್ಟೆ. ಅವನು ಅಂಗೈಯನ್ನು ನಿನ್ನತ್ತ ಇನ್ನಷ್ಟು ಚಾಚಿದ.

ಅಂದಿನಿಂದ ಅವನು ನಮ್ಮ ಮನೆಯ ಖರ್ಜೂರ ಕಳ್ಳ. ಬಂದಾಗಲೆಲ್ಲ ತಟ್ಟೆ ಮುಂದಿಟ್ಟು, ಕೇಳಿ ತಿನ್ನಿ, ಕದಿಯಬೇಡಿ ಎಂದು ನೀನು ಕಾಲೆಳೆಯುತ್ತೀ. ಅವನು ನಗುತ್ತಾನೆ. ನಾನು ಎಲ್ಲರಿಗಿಂತ ಜೋರಾಗಿ ನಗುತ್ತೇನೆ.

ಕಳೆದ ಶುಕ್ರವಾರ ಅವನ ಆರು ವರ್ಷದ ಮಗಳು ಸನಾ ನಗಲಿಲ್ಲ. "ಪಪ್ಪಾ, ಡಿಡ್ ಯು ರಿಯಲಿ ಸ್ಟೀಲ್?" ಎಂದು ಕೇಳಿದಳು. ಈ ಸಲ ಅವನು ನನ್ನ ಕಡೆ ನೋಡಲೂ ಇಲ್ಲ. "ಹೌದು ಮಗಾ, ತಪ್ಪಾಯ್ತು" ಎಂದ. ಆ ಮಗು ಕೈಯಲ್ಲಿದ್ದ ಖರ್ಜೂರವನ್ನು ತಿರುಗಿ ತಟ್ಟೆಯಲ್ಲಿಟ್ಟಿತು.

ನಾಳೆ ಮಕ್ಕಳನ್ನೆಲ್ಲ ಆ ಕೆರೆಗೆ ಕರೆದೊಯ್ಯುತ್ತೇವಲ್ಲ. ನಾನೇ ಮರೆ ಕಟ್ಟುತ್ತೇನೆಂದು ನೀನು ಅವರಿಗೆಲ್ಲ ಹೇಳಿಟ್ಟಿದ್ದೀ. ಕಟ್ಟುವುದು ಇಕ್ಬಾಲ್, ನಾನು ಹಗ್ಗ ಹಿಡಿಯುತ್ತೇನೆ. ಕಟ್ಟಿ ಮುಗಿದ ಮೇಲೆ ಸನಾಳನ್ನು ಅದರೊಳಗೆ ಪಕ್ಕದಲ್ಲಿ ಕೂರಿಸಿಕೊಂಡು, ಕಳ್ಳ ಯಾರೆಂದು ನಾನೇ ಹೇಳುತ್ತೇನೆ. ಖರ್ಜೂರದ ಡಬ್ಬಿ ಮರೆಯದೆ ತಾ. ತಟ್ಟೆಯನ್ನು ನನ್ನ ಮುಂದಿಡು.